ಮಗನಿಗೆ ಕಾಣೆ ಮೀನು ಆಗಲ್ಲ, ಸಿಗಡಿ ಆಗುತ್ತೆ. ಇದು ಹೇಗೆ?

ಕುಂದಾಪುರದ ಅಮ್ಮ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ನಮ್ಮ ಊರು ಕುಂದಾಪುರದ ಹತ್ತಿರ, ಈಗ ಇರುವುದು ಬೆಂಗಳೂರು. ಮಗನಿಗೆ ಆರು ವರ್ಷ. ರಜೆಗೆ ಊರಿಗೆ ಹೋದಾಗ ಅತ್ತೆ ಕಾಣೆ ರವಾ ಫ್ರೈ ಮಾಡಿದ್ದರು. ಎರಡು ತುತ್ತು ತಿಂದವನೇ ತುಟಿ ಉಜ್ಜಿಕೊಳ್ಳಲು ಶುರು ಮಾಡಿದ. "ಅಮ್ಮ, ನಾಲಗೆ ಚುಚ್ತಾ ಇದೆ" ಅಂದ. ಖಾರ ಜಾಸ್ತಿ ಆಗಿರಬೇಕು ಅಂತ ನೀರು ಕೊಟ್ಟೆವು. ನೋಡ್ತಾ ನೋಡ್ತಾ ಮೇಲಿನ ತುಟಿ ಊದಿಕೊಂಡಿತು. ಕತ್ತಿನ ಸುತ್ತ ಪಿತ್ತಗಂಧೆ ಎದ್ದವು. ಆಮೇಲೆ ವಾಂತಿ, ಉಬ್ಬಸ. ಆಸ್ಪತ್ರೆಯಲ್ಲಿ ತೊಡೆಗೆ ಒಂದು ಇಂಜೆಕ್ಷನ್ ಕೊಟ್ಟ ಮೇಲೆ ಉಸಿರು ಸರಿಯಾಯಿತು.

ಬೆಂಗಳೂರಿಗೆ ಬಂದು ಅಲರ್ಜಿ ಡಾಕ್ಟರಿಗೆ ತೋರಿಸಿದೆವು. ಚರ್ಮದ ಮೇಲೆ ಚುಚ್ಚಿ ನೋಡುವ ಪರೀಕ್ಷೆ ಮಾಡಿದರು. ಮೀನಿಗೆ ದೊಡ್ಡ ಗುಳ್ಳೆ ಬಂತು. ಸಿಗಡಿಗೆ ಏನೂ ಇಲ್ಲ. ಅವನು ಸಿಗಡಿ ಸುಕ್ಕಾ ಮೊದಲಿನಿಂದಲೂ ತಿಂದು ಅರಗಿಸಿಕೊಂಡವನೇ. ಎರಡೂ ಸಮುದ್ರದ್ದೇ ಅಲ್ವಾ, ಒಂದು ಆಗಿ ಇನ್ನೊಂದು ಆಗದೇ ಇರುವುದು ಹೇಗೆ?

ಅತ್ತೆ ಹೇಳುವುದು, "ಚೆನ್ನಾಗಿ ಹುರಿದು ಕೊಟ್ರೆ ಏನೂ ಆಗಲ್ಲ, ದಿನಾ ಚೂರು ಚೂರು ಕೊಡು, ಅಭ್ಯಾಸ ಆಗುತ್ತೆ" ಅಂತ. ಇನ್ನೊಂದು ವಿಷಯ, ಮೀನು ಹುರಿಯುವಾಗ ಪಕ್ಕದಲ್ಲಿ ನಿಂತರೂ ಕೆಮ್ಮುತ್ತಾನೆ. ನಮ್ಮದು ಮೀನಿಲ್ಲದೆ ಊಟ ಸೇರದ ಮನೆ. ತಿಳಿದವರು ಹೇಳಿ.

ಮಲ್ಪೆ ಬೋಟು

ಅಕ್ಕ, ಮಗು ಈಗ ಹುಷಾರಾಗಿದ್ದಾನಲ್ವಾ? ಮೊದಲು ಅದು ಹೇಳಿ. ನಮ್ಮದು ಮೀನು ಹಿಡಿಯುವವರ ಮನೆ. ಚಿಕ್ಕಪ್ಪನ ಮಗಳದ್ದು ನಿಮ್ಮ ಮಗನದ್ದಕ್ಕೆ ಪೂರ್ತಿ ಉಲ್ಟಾ. ಬಂಗುಡೆ, ಅಂಜಲ್, ಬೂತಾಯಿ ಎಲ್ಲಾ ತಿಂತಾಳೆ. ಎಟ್ಟಿ (ಸಿಗಡಿ) ಚಟ್ನಿ ನಾಲಗೆಗೆ ತಾಗಿದರೆ ಮುಖ ಗುರುತೇ ಸಿಗುವುದಿಲ್ಲ.

ಮಂಡ್ಯ ಹುಡುಗ

ಇದು ನಂಜು ಅಷ್ಟೇ. ಸಮುದ್ರದ ಮೀನೆಲ್ಲ ನಂಜಿನ ಪದಾರ್ಥ. ಕೆರೆ ಮೀನು ಕೊಡಿ, ಕಾಟ್ಲಾ, ರೋಹು. ಏನೂ ಆಗಲ್ಲ.

ಬಯೋಕೆಮ್ ಮೇಷ್ಟ್ರು

ಮಂಡ್ಯದವರೇ, ದಯವಿಟ್ಟು ಆ ಸಲಹೆ ಕೊಡಬೇಡಿ. ಕಾಟ್ಲಾ, ರೋಹು ಎರಡೂ ಗೆಂಡೆ ಜಾತಿಯ ಮೀನುಗಳು. ಅಲರ್ಜಿ ತರುವ ಪ್ರೋಟೀನ್ ಆ ಜಾತಿಯಲ್ಲಿ ಭರ್ತಿ ಇರುತ್ತದೆ. ನೀರು ಉಪ್ಪೋ ಸಿಹಿಯೋ ಅನ್ನುವುದರಿಂದ ಏನೂ ಬದಲಾಗುವುದಿಲ್ಲ.

ಕುಂದಾಪುರದ ಮೇಡಂ, ನಾನು ಕಾಲೇಜಿನಲ್ಲಿ ಜೀವರಸಾಯನ ಪಾಠ ಮಾಡುವವನು, ಡಾಕ್ಟರ್ ಅಲ್ಲ. ಪ್ರೋಟೀನ್ ವಿಷಯ ಮಾತ್ರ ಹೇಳ್ತೀನಿ.

ಮೀನಿನ ಅಲರ್ಜಿ ಇರುವ ಬಹುಪಾಲು ಜನರಿಗೆ ತೊಂದರೆ ಕೊಡುವುದು ಪಾರ್ವಾಲ್ಬುಮಿನ್ ಅನ್ನುವ ಒಂದು ಸಣ್ಣ ಪ್ರೋಟೀನ್. ತೂಕ ಸುಮಾರು 12 ಕಿಲೋಡಾಲ್ಟನ್. ಇದು ಇರುವುದು ಮಾಂಸಖಂಡದಲ್ಲಿ. ಸ್ನಾಯು ಬಿಗಿಯಾಗಬೇಕಾದರೆ ಒಳಗೆ ಕ್ಯಾಲ್ಸಿಯಂ ಬಿಡುಗಡೆ ಆಗಬೇಕು, ಸಡಿಲ ಆಗಬೇಕಾದರೆ ಆ ಕ್ಯಾಲ್ಸಿಯಂ ಅನ್ನು ಯಾರಾದರೂ ಬೇಗ ಹಿಡಿದುಕೊಳ್ಳಬೇಕು. ಆ ಕೆಲಸ ಪಾರ್ವಾಲ್ಬುಮಿನ್‌ದು. ಮೀನು ಫಕ್ಕನೆ ಬಾಲ ಬೀಸಿ ತಿರುಗುತ್ತದಲ್ಲ, ಆ ವೇಗಕ್ಕೆ ಇದು ಬೇಕು. ಅದಕ್ಕೇ ಬಿಳಿ ಮಾಂಸದಲ್ಲಿ ಇದು ಜಾಸ್ತಿ, ಕಪ್ಪು ಮಾಂಸದಲ್ಲಿ ಕಡಿಮೆ.

ಕ್ಯಾಲ್ಸಿಯಂ ಹಿಡಿದುಕೊಂಡಿರುವಾಗ ಈ ಪ್ರೋಟೀನ್ ಬಹಳ ಗಟ್ಟಿ. ಬಾಣಲೆಯ ಬಿಸಿಗೆ, ಸಾರಿನ ಕುದಿತಕ್ಕೆ ಜಗ್ಗುವುದಿಲ್ಲ. ಹಾಗಾಗಿ ಚೆನ್ನಾಗಿ ಹುರಿದು ಕೊಡಿ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಹುರಿಯುವಾಗ ಏಳುವ ಹಬೆಯಲ್ಲೂ ಈ ಪ್ರೋಟೀನಿನ ಕಣಗಳು ಇರುತ್ತವೆ. ಮೀನಿನ ಕಾರ್ಖಾನೆಗಳಲ್ಲಿ ಕೆಲಸ ಮಾಡುವ ಕೆಲವರಿಗೆ ಅದನ್ನು ಉಸಿರಾಡಿಯೇ ಅಸ್ತಮಾ ಬರುತ್ತದೆ. ನಿಮ್ಮ ಮಗನ ಕೆಮ್ಮನ್ನು ಡಾಕ್ಟರಿಗೆ ಹೇಳಲೇಬೇಕು.

ಸಿಗಡಿಯ ಕಥೆ ಬೇರೆ. ಸಿಗಡಿ, ಏಡಿ, ಮರುವಾಯಿ (ಚಿಪ್ಪಿನ ಜೀವಿ) ಇವುಗಳಲ್ಲಿ ಮುಖ್ಯ ಅಪರಾಧಿ ಟ್ರೋಪೋಮಯೋಸಿನ್. ಅದೂ ಸ್ನಾಯುವಿನ ಪ್ರೋಟೀನೇ. ಎರಡು ಎಳೆ ಹೆಣೆದ ಜಡೆಯ ಹಾಗಿರುತ್ತದೆ. ಪಾರ್ವಾಲ್ಬುಮಿನ್‌ಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಒಂದಕ್ಕೆ ತಯಾರಾದ ಐಜಿಇ (ಅಲರ್ಜಿ ತರಿಸುವ ಪ್ರತಿಕಾಯ) ಇನ್ನೊಂದನ್ನು ಗುರುತಿಸುವುದಿಲ್ಲ. ಆದ್ದರಿಂದ ನಿಮ್ಮ ಮಗನಿಗೆ ಸಿಗಡಿ ಆಗುವುದರಲ್ಲಿ ಆಶ್ಚರ್ಯ ಏನೂ ಇಲ್ಲ.

ಕಾರವಾರದವಳು

ಮೇಷ್ಟ್ರೇ, ಹಾಗಾದರೆ ಮೀನಿನ ಮಾಂಸದಲ್ಲಿ ಟ್ರೋಪೋಮಯೋಸಿನ್ ಇರುವುದಿಲ್ವಾ? ಸ್ನಾಯು ಅಂದಮೇಲೆ ಇರಲೇಬೇಕಲ್ಲ. ನನಗೆ ಶೆಟ್ಲಿ (ಸಿಗಡಿ) ಆಗಲ್ಲ, ಮೀನು ಆಗುತ್ತೆ.

ಬಯೋಕೆಮ್ ಮೇಷ್ಟ್ರು

ಇರುತ್ತದೆ. ಮೀನಿನಲ್ಲೂ ಇದೆ, ಕೋಳಿಯಲ್ಲೂ ಇದೆ, ನಮ್ಮಲ್ಲೂ ಇದೆ. ಆದರೆ ಬೆನ್ನುಮೂಳೆ ಇರುವ ಪ್ರಾಣಿಗಳ ಟ್ರೋಪೋಮಯೋಸಿನ್ ನಮ್ಮದಕ್ಕೆ ತುಂಬಾ ಹತ್ತಿರ. ನಮ್ಮ ದೇಹ ಅದನ್ನು ಪರಕೀಯ ಅಂತ ನೋಡುವುದು ಅಪರೂಪ. ಸಿಗಡಿಯದ್ದು ದೂರದ್ದು. ಜಿಲೇಬಿ ಮೀನಿನ ಟ್ರೋಪೋಮಯೋಸಿನ್‌ಗೆ ಅಲರ್ಜಿ ಇರುವ ಕೆಲವರು ಸಿಕ್ಕಿದ್ದಾರೆ, ಅದು ಅಪವಾದ.

ಲ್ಯಾಬ್ ಹುಡುಗಿ

ಇಲ್ಲಿ ಒಂದು ಮಾತು ಹೇಳಲೇಬೇಕು. ಸಿಗಡಿಯ ಮುಖ್ಯ ಅಲರ್ಜಿಕಾರಕ ಟ್ರೋಪೋಮಯೋಸಿನ್ ಅಂತ ಗುರುತಿಸಿದ ಕೆಲಸ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯದ್ದು. ಜೀವರಸಾಯನ ವಿಭಾಗದ ಪಿ.ವಿ. ಸುಬ್ಬರಾವ್ ಅವರ ತಂಡ, ಅಮೆರಿಕದ ವಿಜ್ಞಾನಿಗಳ ಜೊತೆ ಸೇರಿ 1993ರಲ್ಲಿ ಪ್ರಕಟಿಸಿತು. ಅವರು ತೆಗೆದುಕೊಂಡಿದ್ದು ನಮ್ಮ ಸಮುದ್ರದ ಬಿಳಿ ಸಿಗಡಿಯನ್ನೇ, ಪೀನಿಯಸ್ ಇಂಡಿಕಸ್. 1989ರಲ್ಲೇ ಅದೇ ಸಿಗಡಿಯಿಂದ ಬಿಸಿಗೆ ಹಾಳಾಗದ ಅಲರ್ಜಿಕಾರಕಗಳನ್ನು ಬೇರ್ಪಡಿಸಿದ್ದರು. ಸಿಗಡಿ ಅಲರ್ಜಿ ಬಗ್ಗೆ ಈಗ ಜಗತ್ತಿನಲ್ಲಿ ಯಾರು ಬರೆದರೂ ಈ ಕೆಲಸವನ್ನು ದಾಟಿ ಹೋಗುವ ಹಾಗಿಲ್ಲ. ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಮಲ್ಪೆ ಬೋಟು

ನಮ್ಮ ಎಟ್ಟಿಯಿಂದ ಕಂಡುಹಿಡಿದದ್ದಾ! ತಂಗಿಗೆ ಹೇಳ್ತೇನೆ.

ಕಾರವಾರದವಳು

ಟ್ರೋಪೋಮಯೋಸಿನ್ ಜಿರಳೆಯಲ್ಲೂ, ಹಾಸಿಗೆಯ ಧೂಳಿನ ನುಸಿಯಲ್ಲೂ ಇದೆ ಅಂತ ನನ್ನ ಡಾಕ್ಟರ್ ಹೇಳಿದ್ದರು. ನನಗೆ ಧೂಳಿಗೆ ಸೀನು ಬರುವುದು ಮೊದಲು ಶುರುವಾಯಿತು, ಶೆಟ್ಲಿ ತೊಂದರೆ ಆಮೇಲೆ. ಎರಡಕ್ಕೂ ಸಂಬಂಧ ಇರಬಹುದು ಅಂದರು.

ಬಯೋಕೆಮ್ ಮೇಷ್ಟ್ರು

ಇರಬಹುದು. ನುಸಿ, ಜಿರಳೆ, ಸಿಗಡಿ ಮೂರರ ಟ್ರೋಪೋಮಯೋಸಿನ್ ಒಂದನ್ನೊಂದು ಬಹಳ ಹೋಲುತ್ತವೆ. ಈ ಅಡ್ಡ ಸಂಬಂಧ ಚೆನ್ನಾಗಿ ದಾಖಲಾಗಿದೆ.

ಮಸ್ಕತ್ ಕನ್ನಡಿಗ

ನನ್ನ ಅನುಭವ ಬೇರೆ ಥರ. ಇಲ್ಲಿ ನಾವು ರೂಮಿನವರೆಲ್ಲ ಸೇರಿ ಅಡುಗೆ ಮಾಡ್ತೀವಿ. ಒಮ್ಮೆ ಯಾರೋ ಸಂಜೆ ಹೊತ್ತು ಬಂಗುಡೆ ತಂದರು. ಬೇಸಿಗೆ, ಗಾಡಿಯಲ್ಲೇ ತುಂಬಾ ಹೊತ್ತು ಇತ್ತು. ಪುಳಿಮುಂಚಿ ಮಾಡಿ ತಿಂದೆವು. ಸ್ವಲ್ಪ ಹೊತ್ತಿಗೇ ನನ್ನ ಮುಖ, ಎದೆ ಕೆಂಪಗೆ ಬಿಸಿಯಾಯಿತು. ತಲೆ ಸಿಡಿಯತೊಡಗಿತು, ಎದೆ ಡವಡವ. ಪಕ್ಕದವನನ್ನು ನೋಡಿದರೆ ಅವನದ್ದೂ ಹಾಗೇ. ತಿಂದವರೆಲ್ಲರಿಗೂ ಬಂತು. ನನಗೆ ಮೀನು ಅಲರ್ಜಿ ಅಂತ ಆಮೇಲೆ ಮುಟ್ಟಿಯೇ ಇಲ್ಲ. ಇದೂ ಪಾರ್ವಾಲ್ಬುಮಿನ್ನಾ?

ಲ್ಯಾಬ್ ಹುಡುಗಿ

ಅಣ್ಣ, ತಿಂದವರೆಲ್ಲರಿಗೂ ಒಟ್ಟಿಗೆ ಬಂತು ಅಂದರೆ ಅಲರ್ಜಿ ಆಗಿರುವ ಸಾಧ್ಯತೆ ತೀರಾ ಕಡಿಮೆ. ಇದಕ್ಕೆ ಸ್ಕಾಂಬ್ರಾಯ್ಡ್ ವಿಷಬಾಧೆ ಅಂತಾರೆ. ಬಂಗುಡೆ, ಬೂತಾಯಿ, ಟ್ಯೂನಾ ಇಂಥ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಅನ್ನುವ ಅಮೈನೋ ಆಮ್ಲ ಜಾಸ್ತಿ. ಮೀನು ತಣ್ಣಗೆ ಇಡದೆ ಬಿಟ್ಟರೆ ಬ್ಯಾಕ್ಟೀರಿಯಾ ಅದನ್ನು ಹಿಸ್ಟಮಿನ್ ಮಾಡಿಬಿಡುತ್ತವೆ. ಅಲರ್ಜಿಯಲ್ಲಿ ನಮ್ಮ ದೇಹ ಬಿಡುಗಡೆ ಮಾಡುವುದೂ ಅದೇ ಹಿಸ್ಟಮಿನ್. ಅದಕ್ಕೇ ಲಕ್ಷಣ ಒಂದೇ ಥರ ಕಾಣುತ್ತವೆ. ಒಮ್ಮೆ ಹಿಸ್ಟಮಿನ್ ಆದಮೇಲೆ ಎಷ್ಟು ಕುದಿಸಿದರೂ ಹೋಗುವುದಿಲ್ಲ. ಮೀನು ವಾಸನೆ ಬರದೇ ಇದ್ದರೂ ಇರಬಹುದು. ನೀವು ಒಮ್ಮೆ ಅಲರ್ಜಿ ಪರೀಕ್ಷೆ ಮಾಡಿಸಿ. ಅಲರ್ಜಿ ಇಲ್ಲ ಅಂತಾದರೆ ಮತ್ತೆ ಮೀನು ತಿನ್ನಬಹುದು. ಸುಮ್ನೆ ಯಾಕೆ ಬಾಯಿ ಕಟ್ಟಿಕೊಂಡು ಕೂರ್ತೀರಿ?

ಮಸ್ಕತ್ ಕನ್ನಡಿಗ

ಇಷ್ಟು ವರ್ಷ ಯಾರೂ ಇದನ್ನು ಹೇಳಿರಲಿಲ್ಲ ಅಮ್ಮಾ. ಇಲ್ಲಿನ ಕ್ಲಿನಿಕ್ಕಿನಲ್ಲಿ "ಫಿಶ್ ಅಲರ್ಜಿ" ಅಂತ ಬರೆದು ಕಳಿಸಿದ್ದರು. ಈ ವಾರವೇ ಪರೀಕ್ಷೆಗೆ ಹೋಗ್ತೀನಿ.

ಮಲ್ಪೆ ಬೋಟು

ಇದಕ್ಕೇ ನಾವು ಬೊಬ್ಬೆ ಹೊಡೆಯುವುದು. ಬಲೆಯಿಂದ ಬಿದ್ದ ಕೂಡಲೇ ಐಸು. ಬಾಕ್ಸಿನ ಅಡಿಗೆ ಒಂದು ಪದರ ಐಸು, ಮೇಲೆ ಮೀನು, ಮತ್ತೆ ಐಸು. ಡೆಕ್ಕಿನ ಮೇಲೆ ಬಿಸಿಲಿಗೆ ಬಿದ್ದಿರುವ ಬಂಗುಡೆಯ ಹೊಟ್ಟೆ ಬೇಗ ಒಡೆಯುತ್ತದೆ. ಮನೆಗೆ ಕೊಳ್ಳುವವರು ಕಿವಿರು ಎತ್ತಿ ನೋಡಿ, ಕೆಂಪಗಿರಬೇಕು. ಬೆರಳಿನಲ್ಲಿ ಒತ್ತಿದರೆ ಗುಳಿ ಉಳಿಯಬಾರದು. ಬೆಂಗಳೂರಿನವರು ಕೊಂಡ ಮೇಲೆ ಟ್ರಾಫಿಕ್ಕಿನಲ್ಲಿ ಚೀಲ ಹಿಡಿದು ಕೂರಬೇಡಿ. ಐಸು ಹಾಕಿಸಿಕೊಳ್ಳಿ, ಅಂಗಡಿಯವರು ಕೇಳಿದರೆ ಕೊಡ್ತಾರೆ.

ಬಸವನಗುಡಿ ಅಜ್ಜಿ

ನಾವು ಸಸ್ಯಾಹಾರಿಗಳು. ಸುಮ್ನೆ ಓದ್ತಾ ಇದ್ದೆ. ಮೀನು ತಿಂದು ಹಾಲು ಕುಡಿದರೆ ತೊನ್ನು ಬರುತ್ತೆ ಅಂತಾರಲ್ಲ, ಅದೂ ಈ ಅಲರ್ಜಿಯೇನಾ?

ಲ್ಯಾಬ್ ಹುಡುಗಿ

ಇಲ್ಲ ಅಜ್ಜಿ. ತೊನ್ನಿನಲ್ಲಿ ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನು ದೇಹವೇ ನಾಶ ಮಾಡಿಕೊಳ್ಳುತ್ತದೆ. ಮೀನು ಹಾಲು ಒಟ್ಟಿಗೆ ತಿನ್ನುವುದರಿಂದ ಅದು ಬರುವುದಿಲ್ಲ.

ಮಂಡ್ಯ ಹುಡುಗ

ಮೇಷ್ಟ್ರೇ, ನಿಮ್ಮ ಮಾತು ಒಪ್ಪಿದೆ, ಕಾಟ್ಲಾ ಬೇಡ. ಆದರೆ ಅಭ್ಯಾಸ ಮಾಡಿಸುವುದರಲ್ಲಿ ತಪ್ಪೇನು? ಕಡಲೆಕಾಯಿ ಅಲರ್ಜಿಗೆ ವಿದೇಶದಲ್ಲಿ ಚೂರು ಚೂರು ಕೊಟ್ಟೇ ವಾಸಿ ಮಾಡ್ತಾರೆ ಅಂತ ಓದಿದ್ದೆ. ಅವರ ಅತ್ತೆ ಹೇಳಿದ್ದೂ ಅದೇ ಅಲ್ವಾ?

ಮಕ್ಕಳ ವಾರ್ಡ್ ಸಿಸ್ಟರ್

ಅಲ್ಲ ಅಣ್ಣ. ಅದೂ ಇದೂ ಒಂದೇ ಅಲ್ಲ. ಅಲ್ಲಿ ಪುಡಿಯನ್ನು ಮಿಲಿಗ್ರಾಂ ಲೆಕ್ಕದಲ್ಲಿ ತೂಗಿ ಕೊಡ್ತಾರೆ. ಡೋಸ್ ಏರಿಸುವ ದಿನ ಆಸ್ಪತ್ರೆಯಲ್ಲೇ ಕೂರಿಸಿಕೊಳ್ತಾರೆ. ಅಷ್ಟಾದರೂ ಕೆಲವು ಮಕ್ಕಳಿಗೆ ರಿಯಾಕ್ಷನ್ ಆಗುತ್ತೆ. ಮನೆಯಲ್ಲಿ "ಚೂರು" ಅಂದರೆ ಎಷ್ಟು? ಒಂದು ದಿನದ ತುಂಡಿನಲ್ಲಿ ಕಡಿಮೆ ಪ್ರೋಟೀನ್ ಇರಬಹುದು, ಮರುದಿನದ್ದರಲ್ಲಿ ಜಾಸ್ತಿ. ಈ ಮಗುವಿಗೆ ಉಬ್ಬಸವೂ ಬಂದಿತ್ತು, ವಾಂತಿಯೂ ಆಗಿತ್ತು. ಅದು ಅನಾಫಿಲ್ಯಾಕ್ಸಿಸ್, ಅಂದರೆ ಜೀವಕ್ಕೇ ಅಪಾಯ ತರುವ ಅಲರ್ಜಿ. ಇಂಥ ಮಗುವಿಗೆ ಮನೆಯಲ್ಲಿ ಪ್ರಯೋಗ ಮಾಡಲೇಬಾರದು. ನಾನು ವಾರ್ಡಿನಲ್ಲಿ ನೋಡಿದವಳು, ಕೈ ಮುಗಿದು ಹೇಳ್ತೀನಿ.

ಇನ್ನೊಂದು. ತುಂಬಾ ಮನೆಯವರು ಸೆಟ್ರಿಜಿನ್ ಅಥವಾ ಅವಿಲ್ ಕೊಟ್ಟು ಕಾಯ್ತಾ ಕೂರ್ತಾರೆ. ಅವು ತುರಿಕೆ, ಗಂಧೆ ಕಡಿಮೆ ಮಾಡುತ್ತವೆ. ಉಸಿರುನಾಳ ಬಿಗಿಯುವುದನ್ನು, ಬಿಪಿ ಬೀಳುವುದನ್ನು ತಡೆಯುವುದಿಲ್ಲ. ಅದಕ್ಕೆ ಅಡ್ರಿನಲಿನ್ ಒಂದೇ. ತೊಡೆಯ ಹೊರಭಾಗದ ಮಧ್ಯಕ್ಕೆ, ಸ್ನಾಯುವಿಗೆ. ಲೆಕ್ಕ ಕೆ.ಜಿ.ಗೆ 0.01 ಮಿಲಿಗ್ರಾಂ. 20 ಕೆ.ಜಿ. ಮಗುವಿಗೆ 1 ಮಿಲಿಯಲ್ಲಿ 1 ಮಿಲಿಗ್ರಾಂ ಇರುವ ಆಂಪೂಲಿನಿಂದ (ಔಷಧದ ಸಣ್ಣ ಗಾಜಿನ ಸೀಸೆ) 0.2 ಮಿಲಿ. ನಿಮ್ಮ ಮಗನ ಡೋಸ್ ಎಷ್ಟು ಅಂತ ನಿಮ್ಮ ಡಾಕ್ಟರ್ ಕೈಯಲ್ಲೇ ಬರೆಸಿಕೊಳ್ಳಿ.

ಕುಂದಾಪುರದ ಅಮ್ಮ

ಸಿಸ್ಟರ್, ಊರಿನಲ್ಲಿ ಕೊಟ್ಟ ಇಂಜೆಕ್ಷನ್ ಅದೇ. ಆದರೆ ಮನೆಯಲ್ಲಿ ಇಟ್ಟುಕೊಳ್ಳಿ ಅಂತ ಯಾರೂ ಹೇಳಲಿಲ್ಲ. ಅಡ್ರಿನಲಿನ್ ಚುಚ್ಚುವ ಪೆನ್ನಿನಂಥದ್ದು ಮೆಡಿಕಲ್‌ನಲ್ಲಿ ಕೇಳಿದೆ, ಇಲ್ಲ ಅಂದರು.

ಮಕ್ಕಳ ವಾರ್ಡ್ ಸಿಸ್ಟರ್

ಪೆನ್ ನಮ್ಮ ಕಡೆ ಸುಲಭಕ್ಕೆ ಸಿಗುವುದಿಲ್ಲ, ಸಿಕ್ಕರೂ ದುಬಾರಿ. ಆಂಪೂಲ್ ಮಾತ್ರ ಬಹಳ ಅಗ್ಗ. ಡಾಕ್ಟರ ಹತ್ತಿರ ಚೀಟಿ ಬರೆಸಿಕೊಂಡು ಆಂಪೂಲ್, 1 ಮಿಲಿ ಸಿರಿಂಜ್, ಸೂಜಿ ಇಟ್ಟುಕೊಳ್ಳಿ. ಒಡೆಯುವುದು, ಎಳೆಯುವುದು ಅವರ ಮುಂದೆಯೇ ಕಲಿಯಿರಿ. ಗಾಬರಿಯಲ್ಲಿ ಕೈ ನಡುಗುತ್ತೆ. ಅದಕ್ಕೇ ಮೊದಲೇ ರೂಢಿ ಬೇಕು.

ಹುಬ್ಬಳ್ಳಿ ಮಂದಿ

ನನಗ ಯಾರೋ ಒಂದು ಲ್ಯಾಬ್ ಪ್ಯಾಕೇಜ್ ಕಳಿಸ್ಯಾರ. ಒಂದು ಸರ್ತಿ ರಕ್ತ ಕೊಟ್ರ 200 ಪದಾರ್ಥದ ಅಲರ್ಜಿ ಗೊತ್ತಾಗತೈತಿ ಅಂತ. ಮಾಡಿಸಬೇಕೋ ಬ್ಯಾಡೋ?

ಲ್ಯಾಬ್ ಹುಡುಗಿ

ಅದರಲ್ಲಿ ಏನು ಅಳೆಯುತ್ತಾರೆ ಅಂತ ನೋಡಿ. ಐಜಿಜಿ (ಬೇರೆ ಬಗೆಯ ಪ್ರತಿಕಾಯ) ಅಂತ ಇದ್ದರೆ ದುಡ್ಡು ದಂಡ. ಐಜಿಜಿ ಇದೆ ಅಂದರೆ ಆ ಪದಾರ್ಥ ನೀವು ತಿಂದಿದ್ದೀರಿ ಅಂತ ಅರ್ಥ, ಅಷ್ಟೇ. ತಕ್ಷಣ ಬರುವ ಅಲರ್ಜಿಗೆ ನೋಡಬೇಕಾದ್ದು ಐಜಿಇ. ಅದರಲ್ಲೂ ಪಾಸಿಟಿವ್ ಬಂದ ಮಾತ್ರಕ್ಕೆ ಅಲರ್ಜಿ ಅಂತಲ್ಲ. ತಿಂದಾಗ ಏನಾಯಿತು ಅನ್ನುವ ಕಥೆ ಜೊತೆಗೆ ಕೂಡಬೇಕು. ಪ್ಯಾಕೇಜ್ ನೋಡಿ ಮಕ್ಕಳಿಗೆ ಹಾಲು, ಗೋಧಿ, ಮೊಟ್ಟೆ ಎಲ್ಲಾ ಬಿಡಿಸಿ ಸೊರಗಿಸಿದವರನ್ನು ಕಂಡಿದ್ದೀನಿ. ಸಿಟ್ಟು ಬರುತ್ತೆ.

ಬಯೋಕೆಮ್ ಮೇಷ್ಟ್ರು

ಐಜಿಇ ವಿಷಯ ಬಂತಲ್ಲ, ಅದರ ಹುಡುಕಾಟ ಶುರುವಾಗಿದ್ದೇ ಮೀನಿನಿಂದ. 1921, ಆಗ ಜರ್ಮನಿಯಲ್ಲಿದ್ದ ಬ್ರೆಸ್ಲಾವ್ ಊರು. ಹೈನ್ಸ್ ಕ್ಯೂಸ್ಟ್ನರ್ ಅನ್ನುವ ವೈದ್ಯರಿಗೆ ಮೀನು ಆಗುತ್ತಿರಲಿಲ್ಲ. ಅವರ ಜೊತೆಗಾರ ಕಾರ್ಲ್ ಪ್ರೌಸ್ನಿಟ್ಸ್‌ಗೆ ಮೀನಿನಿಂದ ಏನೂ ತೊಂದರೆ ಇರಲಿಲ್ಲ. ಕ್ಯೂಸ್ಟ್ನರ್ ರಕ್ತದ ಸೀರಮ್ಮನ್ನು ಪ್ರೌಸ್ನಿಟ್ಸ್ ತಮ್ಮ ಚರ್ಮದೊಳಗೆ ಚುಚ್ಚಿಸಿಕೊಂಡರು. ಮರುದಿನ ಅದೇ ಜಾಗಕ್ಕೆ ಮೀನಿನ ಸಾರ ಚುಚ್ಚಿದಾಗ ಅಲ್ಲಿ ಮಾತ್ರ ಗಂಧೆ ಎದ್ದಿತು. ಅಂದರೆ ಅಲರ್ಜಿ ತರುವ ಏನೋ ಒಂದು ಪದಾರ್ಥ ರಕ್ತದಲ್ಲಿದೆ ಅಂತ ಗೊತ್ತಾಯಿತು. ಅದು ಐಜಿಇ ಅಂತ ಖಚಿತವಾಗಲು 1960ರ ದಶಕ ಬರಬೇಕಾಯಿತು. ಅಮೆರಿಕದಲ್ಲಿ ಇಶಿಜಾಕಾ ದಂಪತಿ, ಸ್ವೀಡನ್ನಿನಲ್ಲಿ ಯೊಹಾನ್ಸನ್ ಮತ್ತು ಬೆನ್ನಿಖ್ ಬೇರೆ ಬೇರೆಯಾಗಿ ಕಂಡುಹಿಡಿದರು.

ಕ್ಯೂಸ್ಟ್ನರ್‌ಗೆ ತೊಂದರೆ ಕೊಡುತ್ತಿದ್ದುದು ಬೇಯಿಸಿದ ಮೀನು! ಹಸಿ ಮೀನಿನ ಸಾರಕ್ಕೆ ಅವರ ಚರ್ಮ ಸುಮ್ಮನಿತ್ತು. ಬೇಯಿಸಿದರೆ ಅಲರ್ಜಿ ಹೋಗುತ್ತೆ ಅನ್ನುವವರು ಇದನ್ನು ಗಮನಿಸಬೇಕು.

ಮೀನಿನ ಪ್ರೋಟೀನನ್ನು ಬೇರ್ಪಡಿಸಿ ಇದೇ ಕಾರಣ ಅಂತ ತೋರಿಸಿದ್ದು ನಾರ್ವೆಯವರು, ಕಾಡ್ ಮೀನಿನಲ್ಲಿ. ಅವರಿಗೆ ಕಾಡ್ ಅಂದರೆ ನಮಗೆ ಬಂಗುಡೆ ಇದ್ದಂತೆ, ನಿತ್ಯದ ಊಟ.

ಕಾರವಾರದವಳು

ಒಂದು ಸಂದೇಹ. ಎಲ್ಲಾ ಮೀನೂ ಬಿಡಬೇಕಾ? ನಮ್ಮ ಪಕ್ಕದ ಮನೆಯವರಿಗೆ ತಾರ್ಲೆ (ಬೂತಾಯಿ) ಆಗಲ್ಲ, ಇಸ್ವಾಣ (ಅಂಜಲ್) ಆರಾಮಾಗಿ ತಿಂತಾರೆ.

ಬಯೋಕೆಮ್ ಮೇಷ್ಟ್ರು

ಒಳ್ಳೆ ಪ್ರಶ್ನೆ. ಮೀನಿಂದ ಮೀನಿಗೆ ಪಾರ್ವಾಲ್ಬುಮಿನ್ ಸ್ವಲ್ಪ ಸ್ವಲ್ಪ ಬೇರೆ, ಆದರೆ ಹೋಲಿಕೆ ಜಾಸ್ತಿ. ಅದಕ್ಕೇ ಒಂದು ಮೀನು ಆಗದವರಿಗೆ ಸಾಮಾನ್ಯವಾಗಿ ಹಲವು ಮೀನು ಆಗುವುದಿಲ್ಲ. ಆದರೂ ಒಂದೇ ಒಂದು ಜಾತಿಗೆ ಮಾತ್ರ ಅಲರ್ಜಿ ಇರುವವರೂ ಇದ್ದಾರೆ. ಪ್ರಮಾಣವೂ ಮುಖ್ಯ. ಕಾಡ್, ಗೆಂಡೆ, ಹೆರಿಂಗ್ ಇವುಗಳಲ್ಲಿ ತುಂಬಾ. ಟ್ಯೂನಾದಲ್ಲಿ ಬಹಳ ಕಡಿಮೆ. ಡಬ್ಬಿಯ ಟ್ಯೂನಾವನ್ನು ಕೆಲವು ಅಲರ್ಜಿಯವರು ತಡೆದುಕೊಳ್ಳುತ್ತಾರೆ, ಯಾಕೆಂದರೆ ಡಬ್ಬಿ ಮಾಡುವಾಗ ಒತ್ತಡದಲ್ಲಿ ಕೊಡುವ ಶಾಖ ನಮ್ಮ ಒಲೆಯ ಶಾಖಕ್ಕಿಂತ ಎಷ್ಟೋ ಜಾಸ್ತಿ.

ಅಂಜಲ್ ಸ್ಲೈಸ್ ತಂದಾಗ ನೋಡಿ. ನಡುಮುಳ್ಳಿನ ಎರಡೂ ಪಕ್ಕ, ಚರ್ಮದ ಕಡೆಗೆ ಹೋಗುತ್ತಾ ಕಂದು ಬಣ್ಣದ ಪಟ್ಟಿ ಇರುತ್ತದೆ. ನಿಧಾನವಾಗಿ, ಬಿಡದೆ ಈಜಲು ಬೇಕಾದ ಸ್ನಾಯು ಅದು. ಪಾರ್ವಾಲ್ಬುಮಿನ್ ಅಲ್ಲಿ ಕಡಿಮೆ. ಸುತ್ತಲಿನ ಬಿಳಿ ಭಾಗದಲ್ಲಿ ಜಾಸ್ತಿ. ಕಾಣೆ ಮೀನಿನಲ್ಲಿ ಬಹುಪಾಲು ಬಿಳಿ ಮಾಂಸವೇ. ಹಾಗಂತ ಕಂದು ಭಾಗ ಬಿಡಿಸಿ ಅಲರ್ಜಿಯವರಿಗೆ ಕೊಡಬಹುದು ಅಂತ ದಯವಿಟ್ಟು ತಿಳಿಯಬೇಡಿ. ಕಡಿಮೆ ಅಂದರೆ ಇಲ್ಲ ಅಂತಲ್ಲ.

ಮಲ್ಪೆ ಬೋಟು

ತಾಟೆ (ಶಾರ್ಕ್), ತೊರಕೆ (ರೇ ಮೀನು)? ನಮ್ಮಲ್ಲಿ ಬಾಣಂತಿಯರಿಗೆ ತಾಟೆ ಸಾರು ಕೊಡ್ತಾರೆ. ನಂಜು ಇಲ್ಲ ಅಂತಾರೆ ಹಿರಿಯರು.

ಬಯೋಕೆಮ್ ಮೇಷ್ಟ್ರು

ಅಲ್ಲಿ ನಿಜವಾದ ವ್ಯತ್ಯಾಸ ಇದೆ. ತಾಟೆ, ತೊರಕೆ ಮೂಳೆ ಮೀನುಗಳಲ್ಲ, ಮೃದ್ವಸ್ಥಿ ಮೀನುಗಳು. ಪಾರ್ವಾಲ್ಬುಮಿನ್‌ನಲ್ಲಿ ಆಲ್ಫಾ, ಬೀಟಾ ಅಂತ ಎರಡು ವಂಶ. ಮೂಳೆ ಮೀನುಗಳಲ್ಲಿ ಅಲರ್ಜಿ ತರುವುದು ಬೀಟಾ. ತಾಟೆ, ತೊರಕೆ ಕಡೆ ಮುಖ್ಯವಾಗಿ ಆಲ್ಫಾ. ಯುರೋಪಿನಲ್ಲಿ ಮೀನಿನ ಅಲರ್ಜಿ ಇರುವವರಿಗೆ ವೈದ್ಯರ ಎದುರೇ ತೊರಕೆ ಜಾತಿಯ ಮೀನು ತಿನ್ನಿಸಿ ನೋಡಿದಾಗ ಹೆಚ್ಚಿನವರಿಗೆ ಏನೂ ಆಗಲಿಲ್ಲ. ನಮ್ಮ ಆಹಾರದಲ್ಲಿ ಈ ಪರೀಕ್ಷೆ ಮಾಡಬೇಕು ಅನ್ನುವುದು ನನ್ನ ಆಸೆ. ಕರಾವಳಿಯ ಮಕ್ಕಳಿಗೆ ಎಷ್ಟು ಉಪಯೋಗ ಆಗುತ್ತದೆ ಹೇಳಿ! ಕಾಡ್ ಮೀನು ತಂದು ನಮ್ಮ ಮಕ್ಕಳನ್ನು ಪರೀಕ್ಷೆ ಮಾಡುವುದಕ್ಕಿಂತ ಬಂಗುಡೆ, ಬೂತಾಯಿ, ಕಾಣೆ, ತಾಟೆಯ ಸಾರ ಇಟ್ಟುಕೊಂಡು ಪರೀಕ್ಷಿಸುವುದು ಸರಿಯಾದ ದಾರಿ.

ಕುಂದಾಪುರದ ಅಮ್ಮ

ಹೌದು ಮೇಷ್ಟ್ರೇ. ನಮ್ಮ ಡಾಕ್ಟರ್ ಕೂಡ "ಊರಿಂದ ಬರುವಾಗ ನೀವು ತಿನ್ನುವ ಮೀನುಗಳ ತುಂಡು ಬೇರೆ ಬೇರೆ ಡಬ್ಬಿಯಲ್ಲಿ ಹೆಸರು ಬರೆದು ತನ್ನಿ" ಅಂದರು. ಸೂಜಿಯನ್ನು ಮೊದಲು ಮೀನಿಗೆ, ಆಮೇಲೆ ಚರ್ಮಕ್ಕೆ ಚುಚ್ಚಿ ನೋಡ್ತಾರಂತೆ.

ಬೆಂಗಳೂರು ಟೆಕ್ಕಿ

ನನಗೆ ಸಿ.ಟಿ. ಸ್ಕ್ಯಾನ್ ಮಾಡುವ ಮೊದಲು "ಸೀಫುಡ್ ಅಲರ್ಜಿ ಇದೆಯಾ" ಅಂತ ಕೇಳಿದರು. ಇದೆ ಅಂದೆ. ಬಣ್ಣದ ಇಂಜೆಕ್ಷನ್ ಕೊಡಲ್ಲ ಅಂತ ಸ್ಕ್ಯಾನ್ ಮುಂದೆ ಹಾಕಿದರು. ಅದರಲ್ಲಿ ಅಯೋಡಿನ್ ಇರುತ್ತಂತೆ, ಮೀನಲ್ಲೂ ಅಯೋಡಿನ್ ಅಂತೆ.

ಲ್ಯಾಬ್ ಹುಡುಗಿ

ಇದು ಹಳೆಯ ತಪ್ಪು ನಂಬಿಕೆ. ಆಸ್ಪತ್ರೆಗಳಲ್ಲೂ ಇನ್ನೂ ಉಳಿದಿದೆ. ಅಲರ್ಜಿ ಇರುವುದು ಮೀನಿನ ಪ್ರೋಟೀನಿಗೆ, ಅಯೋಡಿನ್‌ಗೆ ಅಲ್ಲ. ನಮ್ಮ ಥೈರಾಯ್ಡ್ ನಡೆಯುವುದೇ ಅಯೋಡಿನ್‌ನಿಂದ, ದಿನಾ ಉಪ್ಪಿನಲ್ಲಿ ತಿಂತೀವಿ. ಹಿಂದೆ ಅದೇ ಇಂಜೆಕ್ಷನ್‌ಗೆ ರಿಯಾಕ್ಷನ್ ಆಗಿದ್ದರೆ ಅದು ಬೇರೆ, ಖಂಡಿತ ಹೇಳಿ.

ಬೆಂಗಳೂರು ಟೆಕ್ಕಿ

ಥ್ಯಾಂಕ್ಸ್. ಹಾಗಾದರೆ ಮೀನೆಣ್ಣೆ ಮಾತ್ರೆ?

ಲ್ಯಾಬ್ ಹುಡುಗಿ

ಶುದ್ಧ ಮಾಡಿದ ಎಣ್ಣೆಯಲ್ಲಿ ಪ್ರೋಟೀನ್ ಇರಬಾರದು, ಆದರೆ ಮಾತ್ರೆಯ ಕವಚ ಮೀನಿನ ಜೆಲಟಿನ್ ಆಗಿರಬಹುದು. ಜೆಲಟಿನ್ ಮಾಡುವುದು ಕಾಲಜನ್ ಅನ್ನುವ ಪ್ರೋಟೀನಿನಿಂದ. ಮೀನಿನ ಕಾಲಜನ್‌ಗೂ ಕೆಲವರಿಗೆ ಅಲರ್ಜಿ ಇದೆ. ಡಾಕ್ಟರನ್ನು ಕೇಳದೆ ಬೇಡ. ಈಗ ಚರ್ಮ ಹೊಳೆಯಲಿ ಅಂತ ಮೀನಿನ ಕಾಲಜನ್ ಪುಡಿ ಬೇರೆ ಮಾರುತ್ತಾರೆ. ಅದನ್ನೂ ನೋಡಿಕೊಳ್ಳಿ.

ಮಂಗಳೂರು ಊಟ

ಹೋಟೆಲ್ ಬಗ್ಗೆ ಯಾರೂ ಹೇಳಲಿಲ್ಲ. ನಾನು ಮೀನೂಟದ ಹೋಟೆಲ್ ಅಡುಗೆಮನೆಯಲ್ಲಿ ಇದ್ದವನು. ಒಂದೇ ಕಾವಲಿ. ಬಂಗುಡೆ ಎತ್ತಿದ ಜಾಗದಲ್ಲೇ ಸಿಗಡಿ. ಅದೇ ಎಣ್ಣೆ. ಮಸಾಲೆಯ ದೊಡ್ಡ ಪಾತ್ರೆಗೆ ಮೀನು ಅದ್ದಿದ ಕೈಯೇ ಮತ್ತೆ ಮತ್ತೆ ಹೋಗುತ್ತದೆ. ಬಡಿಸುವವರು ಕೇಳದೆಯೇ ಅನ್ನದ ಮೇಲೆ ಮೀನು ಸಾರು ಸುರಿಯುತ್ತಾರೆ. ನಿಮ್ಮ ಮಗನಿಗೆ "ಸಿಗಡಿ ಮಾತ್ರ ಕೊಡಿ" ಅಂದರೆ ಸಾಲದು. ಕರಾವಳಿ ಹೋಟೆಲಿನಲ್ಲಿ ಅವನಿಗೆ ಏನೂ ತಿನ್ನಿಸದೇ ಇರುವುದೇ ಮೇಲು.

ಮತ್ತೆ ಬೆಂಗಳೂರಿನ ಚೈನೀಸ್, ಥಾಯ್ ಕಡೆ ಸಾಸಿನಲ್ಲೇ ಮೀನು. ವೂಸ್ಟರ್ ಸಾಸಿನಲ್ಲಿ ಆಂಚೊವಿ ಇರುತ್ತೆ. ಮಾಲ್‌ನಲ್ಲಿ ಸಿಗುವ ಕೆಂಪು ಅಂಚಿನ "ಏಡಿ ಕಡ್ಡಿ" ಇದೆಯಲ್ಲ, ಅದು ಏಡಿ ಅಲ್ಲ, ಅರೆದ ಮೀನು.

ಕುಂದಾಪುರದ ಅಮ್ಮ

ಅಯ್ಯೋ, ಏಡಿ ಕಡ್ಡಿ ಅವನಿಗೆ ಕೊಡಿಸುವ ಪ್ಲ್ಯಾನ್ ಇತ್ತು! ಸಿಗಡಿ ಆಗುತ್ತಲ್ಲ, ಏಡಿನೂ ಆಗುತ್ತೆ ಅಂತ.

ಲ್ಯಾಬ್ ಹುಡುಗಿ

ಪ್ಯಾಕೆಟ್ ಹಿಂದೆ ಓದಿ ಅಕ್ಕ. 2020ರ ಎಫ್‌ಎಸ್‌ಎಸ್‌ಎಐ (ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ) ಲೇಬಲ್ ನಿಯಮದಲ್ಲಿ ಮೀನು, ಸಿಗಡಿ ಏಡಿ ಜಾತಿ, ಹಾಲು, ಮೊಟ್ಟೆ, ಕಡಲೆಕಾಯಿ ಎಲ್ಲವನ್ನೂ ಅಲರ್ಜಿಕಾರಕ ಅಂತ ಬೇರೆಯಾಗಿ ತೋರಿಸಲೇಬೇಕು. ಆದರೆ ಮರುವಾಯಿ, ಬೊಂಡಾಸ್ (ಸ್ಕ್ವಿಡ್) ಇರುವ ಗುಂಪು ಆ ಪಟ್ಟಿಯಲ್ಲಿ ಇಲ್ಲ. ಕಾರವಾರದ ಅಕ್ಕನಂಥವರಿಗೆ ಅದು ದೊಡ್ಡ ಕೊರತೆ. ಸೇರಿಸಬೇಕು.

ಕಾರವಾರದವಳು

ನೂರಕ್ಕೆ ನೂರು. ನಾನು ಬೆಳಚು (ಚಿಪ್ಪಿನ ಜೀವಿ) ಕೂಡ ಬಿಟ್ಟಿದ್ದೀನಿ. ಮಳೆ ಶುರುವಾಗಿ ಬೋಟು ನಿಂತಾಗ ಎರಡು ತಿಂಗಳು ಮನೆಯಲ್ಲಿ ಒಣ ಶೆಟ್ಲಿ ಹುರಿಯುತ್ತಾರೆ. ನಾನು ಆ ಹೊತ್ತಿಗೆ ಹಿತ್ತಿಲಿಗೆ ಹೋಗ್ತೀನಿ.

ಮಂಡ್ಯ ಹುಡುಗ

ಕೋಳಿ ತಿನ್ನಬಹುದಲ್ಲ? ಅದರಲ್ಲಿ ಏನೂ ಇರಲ್ಲ ತಾನೆ?

ಬಯೋಕೆಮ್ ಮೇಷ್ಟ್ರು

ಬಹುಪಾಲು ಜನ ಆರಾಮಾಗಿ ತಿನ್ನಬಹುದು. ಅಪರೂಪಕ್ಕೆ ಮೀನಿಗೂ ಕೋಳಿಗೂ ಒಟ್ಟಿಗೆ ಅಲರ್ಜಿ ಇರುವವರು ಸಿಗುತ್ತಾರೆ. ಅವರಲ್ಲಿ ಪಾರ್ವಾಲ್ಬುಮಿನ್ ಜೊತೆಗೆ ಎನೋಲೇಸ್, ಆಲ್ಡೋಲೇಸ್ ಅನ್ನುವ ಸ್ನಾಯುವಿನ ಕಿಣ್ವಗಳೂ ಕಾರಣ. ಈ ಹುಡುಗ ಇಷ್ಟು ದಿನ ಕೋಳಿ ತಿಂದು ಚೆನ್ನಾಗಿದ್ದರೆ ಬಿಡಿಸಬೇಕಾಗಿಲ್ಲ. ಆಗುವ ಆಹಾರವನ್ನು ಸುಮ್ನೆ ಹೆದರಿ ಬಿಡಿಸುವುದೂ ತಪ್ಪೇ.

ಕುಂದಾಪುರದ ಅಮ್ಮ

ಕೋಳಿ ತಿಂತಾನೆ, ಏನೂ ಆಗಿಲ್ಲ. ದೊಡ್ಡವನಾದ ಮೇಲೆ ಮೀನಿನದ್ದು ತಾನಾಗೇ ಹೋಗುತ್ತಾ? ಹಾಲಿನ ಅಲರ್ಜಿ ಹೋಗುತ್ತೆ ಅಂತಾರಲ್ಲ.

ಮಕ್ಕಳ ವಾರ್ಡ್ ಸಿಸ್ಟರ್

ಹಾಲು, ಮೊಟ್ಟೆ ಜಾಸ್ತಿ ಮಕ್ಕಳಲ್ಲಿ ಹೋಗುತ್ತೆ. ಮೀನು ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಹೋಗುವವರೂ ಇದ್ದಾರೆ. ಡಾಕ್ಟರ್ ಆಗಾಗ ಪರೀಕ್ಷೆ ಮಾಡಿ, ಸಮಯ ಬಂದಾಗ ಆಸ್ಪತ್ರೆಯಲ್ಲೇ ತಿನ್ನಿಸಿ ನೋಡ್ತಾರೆ.

ಮಲ್ಪೆ ಬೋಟು

ಅತ್ತೆಯವರಿಗೆ ಹೇಗೆ ಹೇಳ್ತೀರಿ ಅಕ್ಕ? ನಮ್ಮ ಕಡೆಯ ಅಜ್ಜಿಯಂದಿರು ಒಪ್ಪುವುದು ಕಷ್ಟ. ಪ್ರೀತಿಯಿಂದಲೇ ತಿನ್ನಿಸುತ್ತಾರೆ, ಅದೇ ತೊಂದರೆ.

ಕುಂದಾಪುರದ ಅಮ್ಮ

ಈ ಇಡೀ ಚರ್ಚೆ ನಿನ್ನೆ ರಾತ್ರಿ ಫೋನಿನಲ್ಲಿ ಅತ್ತೆಗೆ ಓದಿ ಹೇಳಿದೆ. ಮೇಷ್ಟ್ರು ಹೇಳಿದ ಬೇಯಿಸಿದ ಮೀನಿನ ಕಥೆ ಕೇಳಿ, "ಹಂಗಾರೆ ಹುರ್ದ್ರೂ ಹೋಗುದಿಲ್ಯಾ?" ಅಂದ್ರು. ಹೋಗಲ್ಲ ಅತ್ತೆ ಅಂದೆ. ಅವನು ಬಂದಾಗ ಮೀನಿನ ಅಡುಗೆಯನ್ನು ಹಿಂದಿನ ಹೊರಗಿನ ಒಲೆಯಲ್ಲಿ ಮಾಡ್ತಾರಂತೆ, ಅವನಿಗೆ ಬೇರೆ ಕಾವಲಿ ತೆಗೆದಿಡ್ತಾರಂತೆ. ಮೀನಿನ ತುಂಡುಗಳನ್ನು ಹೆಸರು ಬರೆದು ಫ್ರೀಜರಿನಲ್ಲಿ ಇಡುವುದೂ ಅವರೇ. ಸಿಸ್ಟರ್, ಕೊನೆಗೊಂದು ಪ್ರಶ್ನೆ. ಶಾಲೆಯಲ್ಲಿ ಏನು ಹೇಳಲಿ? ಆಂಪೂಲ್ ಫ್ರಿಜ್‌ನಲ್ಲಿ ಇಡಬೇಕಾ?

ಮಕ್ಕಳ ವಾರ್ಡ್ ಸಿಸ್ಟರ್

ಫ್ರಿಜ್ ಬೇಡ. ಬಿಸಿಲು, ಬೆಳಕು ತಾಗದ ತಂಪಾದ ಜಾಗ ಸಾಕು. ನಿಲ್ಲಿಸಿದ ಕಾರಿನಲ್ಲಿ ಮಾತ್ರ ಬಿಡಬೇಡಿ. ಬಣ್ಣ ಕಂದು ತಿರುಗಿದರೆ ಎಸೆಯಿರಿ, ಡೇಟ್ ನೋಡ್ತಾ ಇರಿ. ಶಾಲೆಗೆ ಒಂದು ಹಾಳೆಯಲ್ಲಿ ಬರೆದು ಕೊಡಿ: ಯಾವ ಆಹಾರ ಆಗಲ್ಲ, ಶುರುವಿನ ಲಕ್ಷಣ ಏನು, ಮೊದಲು ಯಾರಿಗೆ ಫೋನ್, ಹತ್ತಿರದ ಆಸ್ಪತ್ರೆ ಯಾವುದು. ಡಬ್ಬಿ ಹಂಚಿಕೊಂಡು ತಿನ್ನುವ ಗೆಳೆಯರ ಹೆಸರೂ ಟೀಚರಿಗೆ ಗೊತ್ತಿರಲಿ. ರಿಯಾಕ್ಷನ್ ಆದರೆ ಮಗುವನ್ನು ಮಲಗಿಸಿ ಕಾಲು ಎತ್ತರಕ್ಕೆ ಇಡಬೇಕು. ಉಸಿರಾಟ ಕಷ್ಟ ಇದ್ದರೆ ಕೂರಿಸಬಹುದು, ಎದ್ದು ನಡೆಸಬಾರದು. ಇಂಜೆಕ್ಷನ್ ಆಗಿ ಸರಿಹೋಯಿತು ಅನ್ನಿಸಿದರೂ ಆಸ್ಪತ್ರೆಗೆ ಹೋಗಲೇಬೇಕು, ಕೆಲವು ಗಂಟೆ ಬಿಟ್ಟು ಮತ್ತೆ ಬರುವುದುಂಟು. ಪರೀಕ್ಷೆಗೆ ಹೋಗುವ ಒಂದು ವಾರ ಮೊದಲು ಸೆಟ್ರಿಜಿನ್ ಥರದ್ದು ನಿಲ್ಲಿಸಬೇಕಾ ಅಂತ ಡಾಕ್ಟರನ್ನು ಕೇಳಿಕೊಳ್ಳಿ, ಇಲ್ಲಾಂದರೆ ಗುಳ್ಳೆ ಸರಿಯಾಗಿ ಏಳಲ್ಲ.

ಮಸ್ಕತ್ ಕನ್ನಡಿಗ

ಸಿಸ್ಟರ್, ನನ್ನ ಪರೀಕ್ಷೆಗೂ ಇದೇ ಅನ್ವಯ ಅಲ್ವಾ? ಶೀತಕ್ಕೆ ಅಂತ ದಿನಾ ಒಂದು ಮಾತ್ರೆ ತಗೊಳ್ತಾ ಇದ್ದೀನಿ.

ಮಕ್ಕಳ ವಾರ್ಡ್ ಸಿಸ್ಟರ್

ಹೌದು ಅಣ್ಣ. ಅಪಾಯಿಂಟ್‌ಮೆಂಟ್ ತಗೊಳ್ಳುವಾಗಲೇ ಆ ಮಾತ್ರೆಯ ಹೆಸರು ಹೇಳಿ.